ಕೂವಂ ನಡುವಿನ ದ್ವೀಪದಲ್ಲಿ ಮನ್ರೋ ಸಾಹೇಬ

ಚೆನ್ನೈನಲ್ಲಿ ದ್ವೀಪ ಎಲ್ಲಿದೆ ಎಂದು ಆಟೋದವರನ್ನು ಕೇಳಿ ನೋಡಿ. ಅವರೇನೂ ನಗುವುದಿಲ್ಲ, ಸೀದಾ ತೀವುತ್ತಿಡಲ್‌ಗೆ ತಂದು ಇಳಿಸುತ್ತಾರೆ. ಕೂವಂ ನದಿ ಚಿಂತಾದ್ರಿಪೇಟೆಯ ಬಳಿ ಎರಡು ಕವಲಾಗಿ, ನೇಪಿಯರ್ ಸೇತುವೆಯ ಹತ್ತಿರ ಮತ್ತೆ ಕೂಡಿಕೊಂಡು ಸಮುದ್ರ ಸೇರುತ್ತದೆ. ನಡುವೆ ಉಳಿದ ಬಯಲೇ ಈ ದ್ವೀಪ. ಸುತ್ತ ನೀರಿದೆ ಎಂಬುದು ನಿಜ, ಆದರೆ ಅದನ್ನು ನೀರು ಅನ್ನಲು ಮನಸ್ಸು ಬಾರದು. ಬಸ್ಸು ಸೇತುವೆ ಹತ್ತುವ ಮೊದಲೇ ಕಿಟಕಿ ಪಕ್ಕದವರ ಸೆರಗು, ಕರ್ಚೀಫುಗಳು ಮೂಗಿಗೆ ಬಂದಿರುತ್ತವೆ.

ಪೊಂಗಲ್ ಸುಮಾರಿಗೆ ಇಲ್ಲಿ ಸರ್ಕಾರದ ವಸ್ತುಪ್ರದರ್ಶನ ನಡೆಯುತ್ತದೆ. ಜಯಂಟ್ ವೀಲು, ಮೆಣಸಿನಕಾಯಿ ಬಜ್ಜಿ, ತಟ್ಟೆಗಿಂತ ದೊಡ್ಡದಾದ ‘ಡೆಲ್ಲಿ ಅಪ್ಪಳಂ’. ಖಾರದಪುಡಿ ಉದುರಿಸಿದ ಆ ಹಪ್ಪಳವನ್ನು ಎರಡೂ ಕೈಯಲ್ಲಿ ಹಿಡಿದ ಮಗು, ಎಲ್ಲಿಂದ ಕಚ್ಚಬೇಕೆಂದು ತಿಳಿಯದೆ ಮೂಗಿನಿಂದಲೇ ಮುರಿಯುತ್ತದೆ. ದೀಪಾವಳಿಗೆ ಪಟಾಕಿ ಅಂಗಡಿಗಳು. ಉಳಿದ ದಿನ ಧೂಳು, ಕ್ರಿಕೆಟ್ಟು, ಒಣಹುಲ್ಲು.

ಈ ದ್ವೀಪವನ್ನು ಹಾದುಹೋಗುವ ಅಣ್ಣಾ ಸಾಲೈನ ನಟ್ಟನಡುವೆ, ಎತ್ತರದ ಕಲ್ಲುಪೀಠದ ಮೇಲೆ ಕಂಚಿನ ಕುದುರೆಯೇರಿ ಕೂತಿದ್ದಾನೆ ಒಂದು ಕಾಲದ ಮದರಾಸು ಗವರ್ನರ್ ಸರ್ ಥಾಮಸ್ ಮನ್ರೋ. ಬರಿದಲೆ. ಕುದುರೆಗೆ ಜೀನಿಲ್ಲ, ಕಾಲಿಗೆ ರಿಕಾಪಿಲ್ಲ. ಶಿಲ್ಪಿ ಮರೆತುಬಿಟ್ಟ, ನೆನಪಾದಾಗ ನಾಚಿ ಪ್ರಾಣ ಕಳೆದುಕೊಂಡ ಎಂದು ಊರೆಲ್ಲ ಹೇಳುತ್ತದೆ. ಸುಳ್ಳು. ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ಲಂಡನ್ನಿನಲ್ಲಿ ನಾಲ್ಕನೇ ಜಾರ್ಜ್ ದೊರೆಯನ್ನೂ ಹೀಗೇ ಕೂರಿಸಿದ್ದ. ಅದು ಮರೆವಲ್ಲ, ಅವನ ರೀತಿ. ಮನ್ರೋ ಪ್ರತಿಮೆ ಹಡಗಿನಲ್ಲಿ ಬಂದು ಇಲ್ಲಿ ನಿಂತದ್ದು 1839ರಲ್ಲಿ.

ತಿರುವಲ್ಲಿಕ್ಕೇಣಿಯ ಮ್ಯಾನ್ಷನ್ನಿನಲ್ಲಿ ಒಂದು ಮಂಚದ ಕೋಣೆ ಹಿಡಿದಿದ್ದ ಕಾಲದಲ್ಲಿ, ಏನೂ ಸರಿಹೋಗದ ಸಂಜೆಗಳಲ್ಲಿ ನಾನು ಈ ಕಡೆ ನಡೆದುಬರುತ್ತಿದ್ದೆ. ತಮಿಳು ಕಿವಿಗೆ ಹತ್ತಿತ್ತು, ನಾಲಿಗೆಗೆ ಹತ್ತಿರಲಿಲ್ಲ. ಊರಿನ ಫೋನಿಗೆ “ಎಲ್ಲ ಚೆನ್ನಾಗಿದೆ ಅಮ್ಮ” ಅನ್ನುವುದೇ ಆ ದಿನದ ದೊಡ್ಡ ಕೆಲಸ. ಸಿಂಪ್ಸನ್ ಕಂಪನಿ ದಾಟಿ ಸೇತುವೆ ಹತ್ತಿದರೆ ಬೆನ್ನು ನೆಟ್ಟಗೆ ಮಾಡಿ ಕೂತ ಈ ಗವರ್ನರು ಕಾಣುತ್ತಿದ್ದ. ಆಗ ಅವನ ಮೇಲೆ ನನಗೆ ಒಂದಿಷ್ಟು ಸಿಟ್ಟೇ ಇತ್ತು. ಇವನಿಗೇನು, ಅಂತ.

ಅವನ ಕಾಗದಗಳನ್ನು ಓದಿದ್ದು ಆಮೇಲೆ.

ಅಮೆರಿಕದ ಯುದ್ಧದಿಂದ ವ್ಯಾಪಾರದಲ್ಲಿ ದಿವಾಳಿಯೆದ್ದ ಗ್ಲಾಸ್ಗೋ ವರ್ತಕನ ಮಗ ಈತ. 1780ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆಂದು ಮದರಾಸಿಗೆ ಬಂದಿಳಿದಾಗ ವಯಸ್ಸು 18. ಅದೇ ವರ್ಷ ಹೈದರಾಲಿ ಘಟ್ಟ ಇಳಿದು ಬಂದ, ಯುದ್ಧ ಹತ್ತಿಕೊಂಡಿತು. ಒಂಬತ್ತು ವರ್ಷ ಕಳೆದ ಮೇಲೂ, 1789ರಲ್ಲಿ, ಊರಲ್ಲಿರುವ ಅಕ್ಕತಂಗಿಯರಲ್ಲಿ ಎರ್ಸ್ಕಿನ್ ಎಂಬುವಳಿಗೆ ಬರೆದ ಪತ್ರದಲ್ಲಿ ಬಡತನದ ಮಾತೇ. ಪೂರ್ವದೇಶದ ವೈಭೋಗ ಅಂತ ನೀವೆಲ್ಲ ಕನಸು ಕಾಣುತ್ತೀರಲ್ಲ, ಒಮ್ಮೆ ನನ್ನ ಕೋಣೆಗೆ ಬಂದು ನೋಡು ಅನ್ನುವ ಧಾಟಿ. ಕೋಲುಗಳ ಮೇಲೆ ಬಿಗಿದ ಕ್ಯಾನ್ವಾಸೇ ಮಂಚ. ಪುಸ್ತಕವೋ ಮದ್ದಿನ ಚೀಲವೋ ದಿಂಬು. ಚಳಿಗೆ ಹೊದಿಕೆ ಇಲ್ಲದೆ, ಊರಿಂದ ತಂದ ದೊಡ್ಡ ಕೋಟಿನ ತೋಳುಗಳೊಳಗೆ ಕಾಲು ತೂರಿಸಿ, ಅದರ ಅಂಚನ್ನು ತಲೆಯ ಮೇಲೆ ಎಳೆದುಕೊಂಡು ಮಲಗುತ್ತಿದ್ದ. ಒಂದು ಬಟ್ಟೆ ಹೊಲಿಸುವ ಹೊತ್ತಿಗೆ ಇನ್ನೊಂದು ಹರಿಯುತ್ತದೆ ಎಂದು ತನ್ನನ್ನೇ ಹಾಸ್ಯ ಮಾಡಿಕೊಂಡಿದ್ದಾನೆ.

ಆ ಪತ್ರದಲ್ಲಿ ನನಗೆ ಹಿಡಿಸಿದ್ದು ಅದರ ಬಡತನವಲ್ಲ. ಮುಂದೆಲ್ಲ ಒಳ್ಳೆಯದಾಗುತ್ತದೆ ಎಂಬ ಸಮಾಧಾನ ಅದರ ಕೈಯಲ್ಲಿ ಇರಲಿಲ್ಲ. ನಾವು ಪ್ರತಿಮೆಯನ್ನು ಮೊದಲು ನೋಡಿ ಪತ್ರವನ್ನು ಆಮೇಲೆ ಓದುತ್ತೇವೆ. ಕೋಟಿನ ತೋಳಿನಲ್ಲಿ ಕಾಲಿಟ್ಟು ಮಲಗಿದವನಿಗೆ ತಾನು 1820ರಲ್ಲಿ ಮದರಾಸಿನ ಗವರ್ನರ್ ಆಗುತ್ತೇನೆಂದು ಯಾರು ಹೇಳಿದ್ದರು? ಏನೂ ಗೊತ್ತಿಲ್ಲದೆಯೂ ನಕ್ಕನಲ್ಲ, ಅದು ದೊಡ್ಡದು.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನನ್ನು ಕೆನರಾ ಜಿಲ್ಲೆಗೆ ಕಲೆಕ್ಟರನಾಗಿ ಕಳಿಸಿದರು. ನಮ್ಮ ಕರಾವಳಿಯವರಿಗೆ ತವರನ್ನು ನೆನಪಿಸುವ ಮಳೆ ಅವನಿಗೆ ಸೆರೆಮನೆಯಾಯಿತು. ರೈತರು ಕೂಟ ಕಟ್ಟಿಕೊಂಡು ಕಂದಾಯಕ್ಕೆ ಅಡ್ಡ ನಿಂತರು. ಬೇರೆಡೆಗೆ ಕಳಿಸಿ ಎಂದು ಮೇಲಿನವರಿಗೆ ಬರೆದು, ಮರುವರ್ಷ ಬಳ್ಳಾರಿ, ಅನಂತಪುರ, ಕಡಪಾ ಸೀಮೆಗೆ ಹೋದ. ಮಂತ್ರಾಲಯದಲ್ಲಿ ರಾಯರು ಬೃಂದಾವನದಿಂದ ಎದ್ದುಬಂದು ಇವನೊಬ್ಬನ ಜೊತೆ ಮಾತಾಡಿದರೆಂದು ಭಕ್ತರು ಹೇಳುವ ಕಥೆ ಆ ಕಾಲದ್ದು. ಕಂಪನಿಯ ಕಂದಾಯ ವಸೂಲಿಗಾರನನ್ನು ತಲೆಮೇಲೆ ಹೊತ್ತು ಮೆರೆಸಬೇಕಾಗಿಲ್ಲ. ಕೂಟ ಕಟ್ಟಿದ ನಮ್ಮ ರೈತರ ಪ್ರತಿಮೆಯನ್ನಂತೂ ಯಾರೂ ಹಡಗಿನಲ್ಲಿ ತರಿಸಲಿಲ್ಲ. ಆದರೂ ಪರಊರಿನಲ್ಲಿ ಕುಗ್ಗಿದವನಿಗೆ ಇನ್ನೊಬ್ಬ ಪರಊರಿನವನ ಗೊಣಗಾಟ ಹತ್ತಿರದ್ದೇ.

ಗೆದ್ದ ಕಥೆ ಅನ್ನಲೂ ಬರುವುದಿಲ್ಲ. ಗವರ್ನರ್ ಕೆಲಸ ಬಿಟ್ಟು ಊರಿಗೆ ಹೋಗಲು ಸಿದ್ಧನಾಗಿದ್ದ. ಹೆಂಡತಿ, ಕಾಯಿಲೆಯ ಮಗುವಿನೊಂದಿಗೆ ಮೊದಲೇ ಹಡಗು ಹತ್ತಿದ್ದಳು. ಹಳೆಯ ಜಿಲ್ಲೆಗಳನ್ನು ಕೊನೆಯ ಸಲ ನೋಡಿ ಬರುತ್ತೇನೆಂದು ಹೊರಟವನು 1827ರ ಜುಲೈ 6ರಂದು ಕರ್ನೂಲು ಸೀಮೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಗುತ್ತಿಯಲ್ಲಿ ಮಣ್ಣು ಮಾಡಿದರು. ನಾಲ್ಕು ವರ್ಷದ ಮೇಲೆ ಅಸ್ಥಿಯನ್ನು ಮದರಾಸಿನ ಕೋಟೆಯೊಳಗಿನ ಸೇಂಟ್ ಮೇರೀಸ್ ಚರ್ಚಿಗೆ ತಂದರು.

ಮನ್ರೋ ಸಿಲೈ, ಅಂದರೆ ಈ ಪ್ರತಿಮೆ, ನೋಡಬೇಕೆನ್ನುವವರು ಭಾನುವಾರ ಬೆಳಿಗ್ಗೆಯೇ ಹೋಗಿ. ಉಳಿದ ದಿನ ಆ ರಸ್ತೆ ದಾಟಲು ವಾಹನಗಳು ಬಿಡುವುದಿಲ್ಲ. ಅಲ್ಲಿಂದ ಕೋಟೆಗೆ ನಡೆದೇ ಹೋಗಬಹುದು. ಬಾಗಿಲಲ್ಲಿ ಪೊಲೀಸರ ತಪಾಸಣೆ ಇರುತ್ತದೆ, ಗುರುತಿನ ಚೀಟಿ ಜೊತೆಗಿರಲಿ.