ವಿಷವಸ್ತು ಮುಟ್ಟುವ ಸಿಬ್ಬಂದಿಗೆ ಶುಚಿತ್ವ ಸೌಲಭ್ಯ: ಗ್ರಾಮ ಪಂಚಾಯಿತಿಯ ಹೊಣೆ

ಗ್ರಾಮ ಪಂಚಾಯಿತಿಯ ಸಿಬ್ಬಂದಿಯಲ್ಲಿ ಎರಡು ವರ್ಗದವರು ದಿನನಿತ್ಯ ಅಪಾಯಕಾರಿ ವಸ್ತುಗಳ ಸಂಪರ್ಕಕ್ಕೆ ಬರುತ್ತಾರೆ. ಕುಡಿಯುವ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಬೆರೆಸುವ ನೀರುಗಂಟಿಗಳು ಮೊದಲನೆಯವರು. ಸ್ವಚ್ಛ ಸಂಕೀರ್ಣದಲ್ಲಿ ಒಣ ಕಸ ವಿಂಗಡಿಸುವ ಕಾರ್ಮಿಕರು ಎರಡನೆಯವರು. ಒಡೆದ ಟ್ಯೂಬ್‌ಲೈಟಿನಲ್ಲಿ ಪಾದರಸ, ಹಳೆಯ ವಾಹನ ಬ್ಯಾಟರಿಯಲ್ಲಿ ಸೀಸ ಮತ್ತು ಆಮ್ಲ, ಕೀಟನಾಶಕದ ಖಾಲಿ ಡಬ್ಬಿಯ ತಳದಲ್ಲಿ ಉಳಿದ ಔಷಧಿ, ಇವೆಲ್ಲವೂ ಕಸದೊಡನೆ ಅವರ ಕೈಗೆ ಬರುತ್ತವೆ.

ಕೈಗವಸು, ಮಾಸ್ಕ್ ವಿತರಿಸಿದೊಡನೆ ಹೊಣೆ ತೀರಿತೆಂಬ ಭಾವನೆ ಸಾಮಾನ್ಯ. ಆದರೆ ಕೈಗವಸು ಕಳಚಿದ ಕೈಯನ್ನು ತೊಳೆಯದೆ ಎಲೆ ಅಡಿಕೆ ಮೆದ್ದರೆ ಅಥವಾ ಬುತ್ತಿ ಬಿಚ್ಚಿ ಉಂಡರೆ ಕೈಗಂಟಿದ ವಿಷವು ಹೊಟ್ಟೆ ಸೇರುತ್ತದೆ. ಬಟ್ಟೆಗಂಟಿದ ಧೂಳು ಮನೆಯನ್ನೂ ತಲುಪುತ್ತದೆ. ಸೀಸವು ದೊಡ್ಡವರಿಗಿಂತ ಮಕ್ಕಳ ಮೆದುಳಿಗೆ ಹೆಚ್ಚು ಹಾನಿಕರ. ಕೆಲಸದ ಬಟ್ಟೆಯಲ್ಲಿಯೇ ಮಗುವನ್ನು ಎತ್ತಿಕೊಳ್ಳುವ ತಾಯಿಗೆ ಈ ಅಪಾಯದ ಅರಿವೇ ಇರುವುದಿಲ್ಲ.

ಕಾರ್ಖಾನೆಗಳ ಅಧಿನಿಯಮ, 1948ರ 42ನೇ ಪ್ರಕರಣವು ಸ್ತ್ರೀಯರಿಗೂ ಪುರುಷರಿಗೂ ಪ್ರತ್ಯೇಕವಾದ, ಮರೆಯುಳ್ಳ ತೊಳೆಯುವ ಸ್ಥಳವನ್ನು ಆಗಲೇ ಕಡ್ಡಾಯಗೊಳಿಸಿತು. ಅದೇ ತತ್ತ್ವವು ಸ್ವಚ್ಛ ಸಂಕೀರ್ಣಕ್ಕೂ ಮಾದರಿಯಾಗಬೇಕು.

ಒದಗಿಸಬೇಕಾದ ಸೌಲಭ್ಯಗಳು:

1. ಕೆಲಸದ ಸ್ಥಳದಲ್ಲಿಯೇ ನಲ್ಲಿ, ಸೋಪು ಮತ್ತು ಶುಭ್ರವಾದ ಒರೆಸುವ ಬಟ್ಟೆ. ಸೀಮೆಎಣ್ಣೆ ಅಥವಾ ಥಿನ್ನರ್‌ನಿಂದ ಕೈ ತೊಳೆಯಬಾರದು. ಅವು ಚರ್ಮವನ್ನು ಒಣಗಿಸಿ ಬಿರುಕು ಮೂಡಿಸುತ್ತವೆ.

2. ಸ್ತ್ರೀಯರಿಗೂ ಪುರುಷರಿಗೂ ಪ್ರತ್ಯೇಕ ಸ್ನಾನದ ಹಾಗೂ ಬಟ್ಟೆ ಬದಲಿಸುವ ಕೋಣೆ.

3. ಮನೆಯ ಉಡುಪು ಮತ್ತು ಕೆಲಸದ ಉಡುಪು ಇಡಲು ಬೇರೆ ಬೇರೆ ಕಪಾಟು. ಕೆಲಸದ ಉಡುಪನ್ನು ಅಲ್ಲಿಯೇ ಒಗೆದು ಒಣಗಿಸಲು ಅನುಕೂಲ.

4. ಕಸದ ರಾಶಿಯಿಂದ ದೂರದಲ್ಲಿ ಊಟದ ಸ್ಥಳ ಮತ್ತು ಕುಡಿಯುವ ನೀರು.

5. ಬ್ಲೀಚಿಂಗ್ ಪುಡಿ ಬಳಸುವಲ್ಲಿ ಧಾರಾಳ ಶುದ್ಧ ನೀರು. ಪುಡಿಯು ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಶೌಚಾಲಯ ತೊಳೆಯುವ ಆಸಿಡ್ಡನ್ನು ಈ ಪುಡಿಯ ಬಳಿ ಇಡಬಾರದು; ಎರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಊಟಕ್ಕೆ ಮುನ್ನ ಹಾಗೂ ಕೆಲಸ ಮುಗಿದಾಗ ಶುಚಿಯಾಗಲು ತಗಲುವ ಸಮಯವನ್ನು ಕೆಲಸದ ಅವಧಿಯೆಂದೇ ಪರಿಗಣಿಸತಕ್ಕದ್ದು. ಇಲ್ಲವಾದರೆ ಕೋಣೆ ಕಟ್ಟಿಯೂ ಪ್ರಯೋಜನವಾಗದು.

ಸದಸ್ಯರು ಕೆಲಸ ಮುಗಿಯುವ ವೇಳೆಗೆ ಸ್ವಚ್ಛ ಸಂಕೀರ್ಣಕ್ಕೆ ಭೇಟಿ ನೀಡಿ, ಕೈ ತೊಳೆಯುವುದು ಎಲ್ಲಿ ಎಂದು ಕಾರ್ಮಿಕರನ್ನೇ ವಿಚಾರಿಸುವುದು ಒಳಿತು. 'ಮನೆಗೆ ಹೋಗಿ' ಎಂಬ ಉತ್ತರ ಬಂದಲ್ಲಿ, ಮುಂದಿನ ಸಾಮಾನ್ಯ ಸಭೆಯಲ್ಲಿ ವಿಷಯವನ್ನು ಮಂಡಿಸಿ ಕ್ರಿಯಾ ಯೋಜನೆಗೆ ಸೇರಿಸಬೇಕು. ಊರನ್ನು ಶುಚಿಯಾಗಿಡುವವರು ಶುಚಿಯಾಗಿ ಮನೆಗೆ ಮರಳುವಂತೆ ನೋಡಿಕೊಳ್ಳುವುದು ಪಂಚಾಯಿತಿಯ ಕರ್ತವ್ಯ.