ಮೂತ್ರಪಿಂಡದ ಔಷಧ: ಇಲಿಯ ಪರೀಕ್ಷೆಯಿಂದ ಅಂಗಡಿಯ ಕಪಾಟಿನವರೆಗೆ

ಹಾನಗಲ್ಲಿನ ಭತ್ತ, ಮಾವಿನ ವರ್ತಕರಿರಲಿ, ಸವಣೂರಿನ ವೀಳ್ಯದೆಲೆ ವ್ಯಾಪಾರಿಗಳಿರಲಿ, ಶಿಗ್ಗಾಂವಿ, ಹಿರೇಕೆರೂರುಗಳ ಸಣ್ಣ ಉದ್ದಿಮೆದಾರರಿರಲಿ, ದಿನವಿಡೀ ಕುಳಿತು ವ್ಯವಹರಿಸುವವರಿಗೆ ಮಧುಮೇಹ, ರಕ್ತದೊತ್ತಡಗಳು ಅಪರಿಚಿತವಲ್ಲ. ಮೂತ್ರಪಿಂಡವನ್ನು ಕೆಡಿಸುವ ಪ್ರಮುಖ ಕಾರಣಗಳು ಇವೇ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗಬೇಕಾದವರ ವ್ಯವಹಾರ ಅಷ್ಟು ದಿನ ನಿಂತಂತೆಯೇ. ಆದ್ದರಿಂದ "ಪ್ರಾಣಿಗಳಲ್ಲಿ ಯಶಸ್ವಿಯಾದ ಮೂತ್ರಪಿಂಡದ ಔಷಧ" ಎಂಬ ಸುದ್ದಿಯ ತೂಕವೆಷ್ಟೆಂಬುದನ್ನು ನಮ್ಮ ಸದಸ್ಯರು ಅರಿತಿರುವುದು ಒಳಿತು.

ನಾರುಗಟ್ಟುವಿಕೆ ಎಂದರೇನು?

ಗಾಯ ಮಾಯುವಾಗ ಕಲೆ ಉಳಿಯುವಂತೆ, ಪದೇ ಪದೇ ಪೆಟ್ಟು ತಿಂದ ಮೂತ್ರಪಿಂಡದಲ್ಲಿ ಕೊಲಾಜೆನ್ ಎಂಬ ನಾರು ಶೇಖರವಾಗುತ್ತದೆ. ನಾರು ಬೆಳೆದಂತೆ ರಕ್ತ ಸೋಸುವ ಶಕ್ತಿ ಕುಂದುತ್ತದೆ. ದೇಹದಲ್ಲಿರುವ ಟಿಜಿಎಫ್-ಬೀಟಾ ಎಂಬ ಪ್ರೋಟೀನು ಇದನ್ನು ಪ್ರಚೋದಿಸುತ್ತದೆ. ಈ ಕ್ರಿಯೆಯನ್ನು ತಡೆಯುವವೇ ನಾರುಗಟ್ಟು ನಿರೋಧಕ ಔಷಧಗಳು.

ಪ್ರಯೋಗಾಲಯದಲ್ಲಿ ನಡೆಯುವುದು

ಇಲಿಯ ಒಂದು ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳವನ್ನು ಕಟ್ಟಿದರೆ ಒಂದೆರಡು ವಾರಗಳಲ್ಲೇ ನಾರು ಕಟ್ಟುತ್ತದೆ. ಆಹಾರದಲ್ಲಿ ಅಡಿನೈನ್ ಬೆರೆಸಿ ಕೆಲವು ವಾರ ಉಣಿಸುವುದು ಮತ್ತೊಂದು ವಿಧಾನ. ಒಂದು ಗುಂಪಿಗೆ ಔಷಧ ಕೊಟ್ಟು, ಇನ್ನೊಂದಕ್ಕೆ ಕೊಡದೆ, ಕೊನೆಗೆ ಮೂತ್ರಪಿಂಡದ ತೆಳುವಾದ ಚೂರಿಗೆ ಬಣ್ಣ ಹಾಕಿ ನಾರಿನ ಪ್ರಮಾಣವನ್ನು ಅಳೆಯುತ್ತಾರೆ. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ನೋಂದಣಿ ಮತ್ತು ನೀತಿ ಸಮಿತಿಯ ಅನುಮತಿಯಿಲ್ಲದೆ ಇಂತಹ ಪ್ರಯೋಗ ನಡೆಸುವಂತಿಲ್ಲ.

ಇಲಿಯಲ್ಲಿ ಗೆದ್ದು, ಮನುಷ್ಯರಲ್ಲಿ ಸೋತವು

ಇಲಿಯಲ್ಲಿ ಎರಡು ವಾರದಲ್ಲಿ ಆಗುವುದು ಮನುಷ್ಯರಲ್ಲಿ ಹತ್ತಾರು ವರ್ಷ ತೆಗೆದುಕೊಳ್ಳುತ್ತದೆ. ಪ್ರಯೋಗದ ಇಲಿ ಸಾಮಾನ್ಯವಾಗಿ ಎಳೆಯ ಪ್ರಾಯದ್ದು. ರೋಗಿಯಾದರೋ ವಯಸ್ಸಾದವನು, ನಾಲ್ಕಾರು ಮಾತ್ರೆ ನುಂಗುವವನು. ಟಿಜಿಎಫ್-ಬೀಟಾವನ್ನು ತಡೆಯುವುದು ಪ್ರಾಣಿಗಳಲ್ಲಿ ಫಲ ನೀಡಿತ್ತು. ಆದರೆ 416 ಮಧುಮೇಹಿ ರೋಗಿಗಳಲ್ಲಿ ಅಂತಹ ಒಂದು ಔಷಧದ ಪರೀಕ್ಷೆಯನ್ನು ಪ್ರಯೋಜನ ಕಾಣದೆ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಇದು 2017ರಲ್ಲಿ ಪ್ರಕಟವಾಯಿತು. ಪಿರ್ಫೆನಿಡೋನ್ ಶ್ವಾಸಕೋಶದ ನಾರುಗಟ್ಟುವಿಕೆಗೆ 2008ರಲ್ಲಿ ಜಪಾನಿನಲ್ಲಿ, 2014ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಆದರೆ 77 ಮಧುಮೇಹಿ ಮೂತ್ರಪಿಂಡ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ಕಡಿಮೆ ಪ್ರಮಾಣ ಮಾತ್ರ ಫಲ ತೋರಿತು, ಹೆಚ್ಚಿನ ಪ್ರಮಾಣ ತೋರಲಿಲ್ಲ.

ಮಧುಮೇಹಿಗಳ ಮೂತ್ರಪಿಂಡ ರೋಗಕ್ಕೆ 2021ರಲ್ಲಿ ಅಮೆರಿಕದ ಮಾನ್ಯತೆ ಪಡೆದ ಫಿನೆರಿನೋನ್ ಪ್ರಾಣಿಗಳಲ್ಲಿ ನಾರನ್ನು ತಗ್ಗಿಸಿತ್ತು. ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಪರೀಕ್ಷೆಯ ನಂತರವೇ ಅದು ಅಂಗಡಿಗೆ ಬಂದಿತು. ಅದೂ ರೋಗದ ವೇಗವನ್ನು ತಗ್ಗಿಸುತ್ತದೆಯೇ ಹೊರತು ಗುಣಪಡಿಸುವುದಿಲ್ಲ. ಪ್ರಯೋಗದ ತಾಕಿನಲ್ಲಿ ಬಂದ ಇಳುವರಿಯನ್ನು ನಂಬಿ ಬೀಜ ವ್ಯಾಪಾರಿಯು ಎಲ್ಲ ಹೊಲಗಳಿಗೂ ಅದೇ ಭರವಸೆ ಕೊಡಲಾರನಷ್ಟೆ!

ವರ್ತಕರು ಗಮನಿಸತಕ್ಕದ್ದು

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆಯ ಪಟ್ಟಿಯಲ್ಲಿ ಮಧುಮೇಹವೂ, ಬ್ರೈಟ್ಸ್ ಡಿಸೀಸ್ ಎಂಬ ಹಳೆಯ ಹೆಸರಿನಲ್ಲಿ ಮೂತ್ರಪಿಂಡದ ರೋಗವೂ ಇವೆ. ಇವುಗಳನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದು ಅಪರಾಧ. ಕರಪತ್ರ, ಲೇಬಲ್, ಹೊದಿಕೆ ಕಾಗದಗಳೂ ಜಾಹೀರಾತೇ. "ಪ್ರಾಣಿಗಳಲ್ಲಿ ಪರೀಕ್ಷಿಸಲಾಗಿದೆ" ಎಂಬ ಒಂದು ಸಾಲು ವರ್ತಕರನ್ನು ರಕ್ಷಿಸದು.

ಮಧುಮೇಹ, ರಕ್ತದೊತ್ತಡವಿರುವ ಸದಸ್ಯರು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗುವ ರೂಢಿಯನ್ನು ಬಿಡಬೇಕು. ಕಟ್ಟಿದ ನಾರನ್ನು ಕರಗಿಸುವ ಔಷಧ ಬರುವವರೆಗೆ ನಾರು ಕಟ್ಟದಂತೆ ಕಾಯುವುದೇ ಲಾಭದ ವ್ಯವಹಾರ.