ಬ್ರೊಕೊಲಿಯ ಮೇಲಿನ ದೂರುಗಳು

ಬ್ರೊಕೊಲಿ ಎಂದರೆ ಪಥ್ಯದ ತರಕಾರಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ತೂಕ ಇಳಿಸಿ ಎಂದು ಡಾಕ್ಟರು ಹೇಳಿದ ಮೇಲೆ, ಇಲ್ಲವೇ ಜಿಮ್ಮಿಗೆ ಸೇರಿದ ಮಗ ಹಟ ಹಿಡಿದ ಮೇಲೆ ಅದು ಮನೆಗೆ ಬರುತ್ತದೆ. ನೀರಲ್ಲಿ ಬೆಂದು, ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿಕೊಂಡು ತಟ್ಟೆಯ ಮೂಲೆಯಲ್ಲಿ ಕೂರುತ್ತದೆ. ಮನೆಮಂದಿ ಮೂಗು ಮುರಿಯುತ್ತಾರೆ. ಸಪ್ಪೆ, ಕಹಿ, ವಾಸನೆ ಎಂಬ ಮೂರೂ ದೂರು ತರಕಾರಿಯ ತಲೆಗೇ ಬೀಳುತ್ತವೆ. ಬಹುಪಾಲು ತಪ್ಪು ಪಾತ್ರೆಗೆ ಸುರಿದ ನೀರಿನದು, ಒಲೆ ಆರಿಸಲು ಮರೆತವರದು.

ಇದು ಪ್ರಯೋಗಾಲಯದಲ್ಲಿ ಹುಟ್ಟಿದ ಕುಲಾಂತರಿ ಹೂಕೋಸು ಎಂದು ನಂಬಿದವರೂ ಇದ್ದಾರೆ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ನಾಲ್ಕೂ ಬ್ರಾಸಿಕಾ ಒಲೆರೇಸಿಯ ಎಂಬ ಒಂದೇ ಸಸ್ಯಪ್ರಭೇದದ ಮಕ್ಕಳು. ಇಟಲಿಯ ರೈತರು ಶತಮಾನಗಳ ಕಾಲ ಮೊಗ್ಗು ದಟ್ಟವಾಗಿ ಕಟ್ಟುವ ಗಿಡಗಳ ಬೀಜವನ್ನೇ ಆರಿಸಿ ಬಿತ್ತುತ್ತ ಬಂದದ್ದರ ಫಲ ಇದು. ಈಗ ಎಲ್ಲೆಡೆ ಸಿಗುವ ದೊಡ್ಡ ತಲೆಯ ಬಗೆಗೆ ಕಲಾಬ್ರಿಯ ಪ್ರಾಂತ್ಯದಿಂದಾಗಿ ಕಲಬ್ರೆಸೆ ಎಂಬ ಹೆಸರಿದೆ. 1920ರ ದಶಕದಲ್ಲಿ ಸಿಸಿಲಿಯಿಂದ ಹೋದ ಡಿ'ಅರಿಗೊ ಸೋದರರು ಕ್ಯಾಲಿಫೋರ್ನಿಯದಲ್ಲಿ ಬೆಳೆದು ಬಾಸ್ಟನ್‌ಗೆ ಕಳಿಸತೊಡಗಿದ ಮೇಲೆ ಅಮೆರಿಕದಲ್ಲಿ ಅದರ ವ್ಯಾಪಾರ ಕುದುರಿತು. ನಮ್ಮ ದೇಶದ್ದೇ ತಳಿ ಪೂಸಾ ಕೆಟಿಎಸ್-1 ರೂಪುಗೊಂಡದ್ದು ಕುಲು ಕಣಿವೆಯ ಕತ್ರೈನ್ ಕೇಂದ್ರದಲ್ಲಿ. ನವಿಲುಕೋಸಿನ ಪಲ್ಯ ಮಾಡಬಲ್ಲವರಿಗೆ ಬ್ರೊಕೊಲಿ ಹೊಸ ವಿದ್ಯೆಯೇನಲ್ಲ.

ವಾಸನೆಯ ವಿಚಾರಕ್ಕೆ ಬರೋಣ. ಕೋಸಿನ ಜಾತಿಯಲ್ಲೆಲ್ಲ ಗಂಧಕದ ಸಂಯುಕ್ತಗಳಿವೆ. ಐದಾರು ನಿಮಿಷ ದಾಟಿ ಕುದಿಯುತ್ತ ಹೋದಂತೆ ಅವು ಒಡೆದು, ಕೊಳೆತ ಮೊಟ್ಟೆಯ ನಾತಕ್ಕೆ ಕಾರಣವಾದ ಹೈಡ್ರೋಜನ್ ಸಲ್ಫೈಡ್‌ನಂಥ ಅನಿಲಗಳು ಹೊರಬೀಳುತ್ತವೆ. ಅದೇ ಹೊತ್ತಿಗೆ ಹರಿತ್ತಿನಲ್ಲಿರುವ ಮೆಗ್ನೀಸಿಯಂ ಕಳಚಿಕೊಂಡು, ಹಸಿರು ಹೋಗಿ ಕಂದು ಛಾಯೆ ಬರುತ್ತದೆ. ಹುಳಿ ಈ ಕೆಲಸವನ್ನು ಇನ್ನೂ ಬೇಗ ಮಾಡಿಸುತ್ತದೆ. ಹಾಗಾಗಿ ನಿಂಬೆರಸವಾಗಲಿ ಹುಣಸೆಯಾಗಲಿ ಕೊನೆಯಲ್ಲೇ ಬೀಳಬೇಕು. ಬಣ್ಣ ಉಳಿಯಲೆಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಹಸಿರು ಉಳಿಯುತ್ತದೆ ನಿಜ, ತರಕಾರಿ ಮುದ್ದೆಯಾಗುತ್ತದೆ, ಜೀವಸತ್ವವೂ ಹಾಳು. 1990ರಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್, ಚಿಕ್ಕಂದಿನಲ್ಲಿ ತಾಯಿ ಬಲವಂತವಾಗಿ ತಿನ್ನಿಸುತ್ತಿದ್ದರು, ಇನ್ನು ತಾನು ಬ್ರೊಕೊಲಿ ಮುಟ್ಟುವುದಿಲ್ಲ ಎಂದು ಸಾರಿದಾಗ ಬೆಳೆಗಾರರು ಟನ್‌ಗಟ್ಟಲೆ ಬ್ರೊಕೊಲಿಯನ್ನು ರಾಜಧಾನಿಗೇ ಕಳಿಸಿದರು. ಅವರ ಮನೆಯಲ್ಲಿ ಅದನ್ನು ಎಷ್ಟು ಹೊತ್ತು ಬೇಯಿಸುತ್ತಿದ್ದರೋ!

ನೀರನ್ನು ದೂರವಿಟ್ಟರೆ ಅರ್ಧ ಕೆಲಸ ಮುಗಿದಂತೆ. ಉಗುರುಬೆಚ್ಚನೆ ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟರೆ ಮೊಗ್ಗಿನ ಸಂದಿಯ ಹುಳು ಹೊರಬರುತ್ತದೆ. ಆಮೇಲೆ ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಆರಿಸಬೇಕು. ಒದ್ದೆ ಇದ್ದರೆ ಬಾಣಲೆಯಲ್ಲಿ ಹುರಿಯುವ ಬದಲು ಬೇಯತೊಡಗುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಕಾದ ಮೇಲೆ ಉದ್ದಿನಬೇಳೆ, ಕಡಲೆಬೇಳೆ, ಬ್ಯಾಡಗಿ ಮೆಣಸಿನಕಾಯಿ, ಇಂಗು, ಕರಿಬೇವು. ಮೊದಲು ದಂಟಿನ ಹೋಳು, ಎರಡು ನಿಮಿಷ ಬಿಟ್ಟು ಹೂವು. ಉರಿ ಜೋರಾಗಿರಲಿ, ಮುಚ್ಚಳ ಬೇಡ, ಪದೇ ಪದೇ ಸೌಟು ಆಡಿಸುವುದೂ ಬೇಡ. ಅಂಚು ಅಲ್ಲಲ್ಲಿ ಕಂದಿದಾಗ ಬರುವ ಸಿಹಿಗಂಪು ಬೇಯಿಸಿದ ಬ್ರೊಕೊಲಿಗೆ ಎಂದೂ ಬರದು. ಕಹಿಯನ್ನು ಉಪ್ಪೇ ತಗ್ಗಿಸುತ್ತದೆ. ಉಳಿದದ್ದು ಕಾಯಿತುರಿಯ ಪಾಲು.

ದಂಟು ಎಸೆಯುವಂಥದ್ದು ಎಂಬುದು ಇನ್ನೊಂದು ತಪ್ಪು. ಹೊರಗಿನ ನಾರುಸಿಪ್ಪೆ ಹೆರೆದರೆ ಒಳಗೆ ನವಿಲುಕೋಸಿನಷ್ಟೇ ಎಳೆಯ ತಿರುಳು. ಸಾಂಬಾರಿಗೂ ಆದೀತು, ತುರಿದರೆ ಕೋಸಂಬರಿಗೂ ಆದೀತು.

ಹಸಿಯಾಗಿ ತಿಂದರೆ ಮಾತ್ರ ಲಾಭ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. 1992ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೆ ಅವರ ತಂಡ ಬ್ರೊಕೊಲಿಯಿಂದ ಬೇರ್ಪಡಿಸಿದ ಸಲ್ಫೊರಫೇನ್ ಎಂಬ ವಸ್ತುವಿನಿಂದಲೇ ಈ ತರಕಾರಿಗೆ ಇಷ್ಟು ಕೀರ್ತಿ ಬಂದದ್ದು. ಅದು ಗಿಡದಲ್ಲಿ ಸಿದ್ಧವಾಗಿ ಇರುವುದಿಲ್ಲ. ಕತ್ತರಿಸಿದಾಗ, ಅಗಿದಾಗ ಮೈರೊಸಿನೇಸ್ ಎಂಬ ಕಿಣ್ವ ಅದನ್ನು ಹುಟ್ಟಿಸುತ್ತದೆ. ಬೇಯಿಸಿದರೆ ಕಿಣ್ವ ಸಾಯುತ್ತದೆ. ಆದರೆ ಅದೇ ಕಿಣ್ವ ಹಸಿ ಸಾಸಿವೆಯಲ್ಲೂ ಇದೆ. 2018ರಲ್ಲಿ ಪ್ರಕಟವಾದ ರೆಡಿಂಗ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಬೆಂದ 200 ಗ್ರಾಂ ಬ್ರೊಕೊಲಿಗೆ ಬರೀ 1 ಗ್ರಾಂ ಸಾಸಿವೆ ಪುಡಿ ಬೆರೆಸಿ ತಿಂದವರಿಗೆ ನಾಲ್ಕು ಪಟ್ಟಿಗೂ ಹೆಚ್ಚು ಸಲ್ಫೊರಫೇನ್ ದಕ್ಕಿತು. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಈ ಶಕ್ತಿ ಇರದು, ಕಾದ ಎಣ್ಣೆ ಅಲ್ಲೂ ಕಿಣ್ವವನ್ನು ಕೊಲ್ಲುತ್ತದೆ. ಮಲೆನಾಡಿನ ಸಾಸಿವೆ ಎಂಬ ಮೇಲೋಗರದ ದಾರಿಯೇ ಬೇರೆ: ಕಾಯಿತುರಿಯೊಂದಿಗೆ ಹಸಿ ಸಾಸಿವೆ ರುಬ್ಬಿ, ಮೊಸರಿನ ಜೊತೆ ಆರಿದ ಹೋಳುಗಳಿಗೆ ಕಲಸುತ್ತಾರೆ, ಕುದಿಸುವುದಿಲ್ಲ. ರುಬ್ಬುವಾಗ ಮೂಗಿಗೇರುವ ಆ ಘಾಟು ಕಿಣ್ವ ಕೆಲಸಕ್ಕಿಳಿದ ಗುರುತು. ಹದವಾಗಿ ಬೆಂದ ಬ್ರೊಕೊಲಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ. ಹಾಗೆಂದು ಕ್ಯಾನ್ಸರ್ ವಾಸಿಮಾಡುವ ತರಕಾರಿ ಎಂದು ಹಬ್ಬಿಸುವುದು ಸರಿಯಲ್ಲ. ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ.

ಮಾಂಸಕ್ಕಿಂತ ಪ್ರೋಟೀನ್ ಹೆಚ್ಚು ಎಂಬ ಪ್ರಚಾರ ಕ್ಯಾಲೊರಿ ಲೆಕ್ಕದ ಚಮತ್ಕಾರ. 100 ಗ್ರಾಂ ಬ್ರೊಕೊಲಿಯಲ್ಲಿರುವುದು 3 ಗ್ರಾಂಗೂ ಕಡಿಮೆ. ಅಷ್ಟೇ ತೊಗರಿಬೇಳೆಯಲ್ಲಿ ಸುಮಾರು 22. ಸಿ ಜೀವಸತ್ವದಲ್ಲಿ ಮಾತ್ರ ಹಸಿ ಬ್ರೊಕೊಲಿ ಕಿತ್ತಳೆಯನ್ನೂ ಮೀರಿಸುತ್ತದೆ.

ಥೈರಾಯ್ಡ್ ಇದ್ದವರು ಮುಟ್ಟಲೇಬಾರದೆಂಬ ಹೆದರಿಕೆಯೂ ಅತಿಯಾದದ್ದು. ಅಯೋಡಿನ್ ಉಪ್ಪು ತಿನ್ನುವವರಿಗೆ ಬೇಯಿಸಿದ ಬ್ರೊಕೊಲಿ ಊಟದ ಪ್ರಮಾಣದಲ್ಲಿ ತೊಂದರೆ ಕೊಡುವುದಿಲ್ಲ. ನಿಜವಾಗಿ ಎಚ್ಚರ ಬೇಕಾದದ್ದು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಗುಳಿಗೆ ನುಂಗುವವರಿಗೆ. ಕೆ ಜೀವಸತ್ವ ಇದರಲ್ಲಿ ಧಾರಾಳವಾಗಿರುವುದರಿಂದ ಒಂದು ವಾರ ರಾಶಿ, ಮರುವಾರ ಸೊನ್ನೆ ಎಂದಾಗಬಾರದು.

ಫ್ರಿಜ್ಜಿನಲ್ಲಿಟ್ಟದ್ದು ಹಳದಿಗೆ ತಿರುಗಿದರೆ ಕೊಳೆಯಿತೆಂದು ಕಸಕ್ಕೆ ಹಾಕುವವರೇ ಹೆಚ್ಚು. ನಾವು ತಿನ್ನುವುದು ಅರಳದ ಮೊಗ್ಗು. ಅದಕ್ಕೆ ವಯಸ್ಸಾಗಿ ಅರಳಲು ಹೊರಟಿದೆ, ಅಷ್ಟೆ. ಲೋಳೆ, ಕೆಟ್ಟ ವಾಸನೆ ಇರದಿದ್ದರೆ ತಿನ್ನಬಹುದು. ತುಸು ಕಹಿ ಹೆಚ್ಚಿರುವುದರಿಂದ ಅಂಥದ್ದು ಬರಿಯ ಪಲ್ಯಕ್ಕಿಂತ ತೊಗರಿಬೇಳೆಯ ಹುಳಿಗೆ ಚೆನ್ನಾಗಿ ಹೊಂದುತ್ತದೆ.